ಮನೆವಾರ್ತೆ: ಮಗುವಿನ ಕೋಣೆಗೆ ಅಗ್ಗದ ಡಿ.ವಿ.ಡಿ. ಯಂತ್ರ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಉಪ್ಪಿನಕಾಯಿಗೆ ಬೂಷ್ಟು ಹಿಡಿದುದನ್ನೋ, ಮಳೆಗಾಲದಲ್ಲಿ ಹೆಂಚು ಸೋರುವುದನ್ನೋ ಕುರಿತವಾಗಿರುತ್ತವೆ. ಅಜ್ಜಂಪುರದ ಗೃಹಸ್ಥರೊಬ್ಬರು ಬರೆದಿರುವ ಕಾಗದವು ಬೇರೆ ಬಗೆಯದು. ಅವರಿಗೆ ಏಳು ವರ್ಷದ ಮಗಳೊಬ್ಬಳಿದ್ದಾಳೆ. ಈಚೆಗೆ ಕಟ್ಟಿಸಿದ ಮನೆಯಲ್ಲಿ ಅವಳಿಗೆಂದೇ ಒಂದು ಕೋಣೆಯಾಗಿದೆ. ಹಳೆಯ ಟೆಲಿವಿಷನ್ ಒಂದು ಅಟ್ಟದ ಮೇಲೆ ಸುಮ್ಮನೆ ಕುಳಿತಿದೆ. ಅದಕ್ಕೆ ಜೋಡಿಸಲು ೨,೫೦೦ ರೂಪಾಯಿಗೆ ಮೀರದಂತೆ ಒಂದು ಡಿ.ವಿ.ಡಿ. ಪ್ಲೇಯರ್ ಬೇಕು, ಯಾವುದನ್ನು ಕೊಳ್ಳುವುದು ಲೇಸೆಂದು ಕೇಳಿದ್ದಾರೆ. ಇಷ್ಟೇ ಆಗಿದ್ದರೆ ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸುತ್ತಿದ್ದೆವು. ಆದರೆ ಕಾಗದದ ಬೆನ್ನಿಗೆ, ಸಣ್ಣಕ್ಷರದಲ್ಲಿ, ಇನ್ನೊಂದು ಸಂಗತಿಯನ್ನು ಬರೆದಿದ್ದಾರೆ. ಮಗುವಿನ ನಾಮಕರಣದ ದಿನ ತೆಗೆಸಿದ ತಟ್ಟೆಯೊಂದು ಅವರಲ್ಲಿದೆ. ಅದರಲ್ಲಿ ಅವರ ತಾಯಿಯವರು ತೊಟ್ಟಿಲನ್ನು ತೂಗುತ್ತ ಹಾಡಿದ್ದಾರೆ. ಆ ತಾಯಿ ೨೦೨೧ರ ಕೋವಿಡ್ ಹಾವಳಿಯಲ್ಲಿ ತೀರಿಹೋದರು. ಮಗುವಿಗೆ ಅಜ್ಜಿಯ ಮುಖವೂ ನೆನಪಿಲ್ಲ, ದನಿಯೂ ನೆನಪಿಲ್ಲ. ಮನೆಯಲ್ಲಿದ್ದ ಹಳೆಯ ಯಂತ್ರದಲ್ಲಿ ತಟ್ಟೆಯನ್ನು ಹಾಕಿದರೆ ಪುರೋಹಿತರು, ಬಂಧುಗಳು, ಊಟದ ಪಂಕ್ತಿ, ಎಲ್ಲವೂ ಸರಿಯಾಗಿಯೇ ಬಂದು, ಹಾಡು ಮೊದಲಾಗುವ ಹೊತ್ತಿಗೆ ಚಿತ್ರವು ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ.

ಡಿ.ವಿ.ಡಿ.ಯೆಂಬುದು ಕಾಲ ತೀರಿದ ಪದಾರ್ಥವಲ್ಲವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಹೌದು, ಬಹುಮಟ್ಟಿಗೆ ತೀರಿದುದೇ. ಈ ತಟ್ಟೆಗಳು ೧೯೯೬ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದವು. ನಮ್ಮ ದೇಶದಲ್ಲಿ ಅವು ಬಡವರ ಮನೆಗೂ ಎಟುಕುವಂತಾದುದು ೨೦೦೭ರ ಹೊತ್ತಿಗೆ. ಮೋಸರ್ ಬೇಯರ್ ಕಂಪೆನಿಯವರು ಆಗ ವಿ.ಸಿ.ಡಿ.ಯನ್ನು ೨೮ ರೂಪಾಯಿಗೂ ಡಿ.ವಿ.ಡಿ.ಯನ್ನು ೩೪ ರೂಪಾಯಿಗೂ ಮಾರತೊಡಗಿದರು. ಬಾಡಿಗೆಯ ಅಂಗಡಿಗೆ ನಡೆಯುತ್ತಿದ್ದವರೆಲ್ಲ ತಟ್ಟೆಗಳನ್ನು ಕೊಂಡೇ ತರುವಂತಾಯಿತು. ಆ ಕಂಪೆನಿಯು ೨೦೧೮ರಲ್ಲಿ ದಿವಾಳಿಯಾಗಿ ಮುಚ್ಚುವ ಆಜ್ಞೆಗೆ ಗುರಿಯಾಯಿತು. ಅಮೆರಿಕದಲ್ಲಿ ಅಂಚೆಯ ಮೂಲಕ ತಟ್ಟೆಗಳನ್ನು ಬಾಡಿಗೆಗೆ ಕಳುಹಿಸಿಯೇ ಹೆಸರಾದ ನೆಟ್‌ಫ್ಲಿಕ್ಸ್ ಸಂಸ್ಥೆಯು ೨೦೨೩ರ ಸೆಪ್ಟೆಂಬರಿನಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಈಗ ಕಡೂರಿನಲ್ಲಿಯಾಗಲಿ ತರೀಕೆರೆಯಲ್ಲಿಯಾಗಲಿ ವಿದ್ಯುತ್ ಸಾಮಾನಿನ ಅಂಗಡಿಗೆ ಹೋಗಿ ಡಿ.ವಿ.ಡಿ. ಯಂತ್ರವನ್ನು ಕೇಳಿದರೆ ಹುಡುಗನು ಒಮ್ಮೆ ಮುಖ ನೋಡಿ, ಹಿಂದಿನ ಕೋಣೆಗೆ ಹೋಗಿ, ಧೂಳು ಕೊಡವಿ ಒಂದು ಪೆಟ್ಟಿಗೆಯನ್ನು ತರುತ್ತಾನೆ.

ಹಾಗಿದ್ದರೂ ಮಕ್ಕಳಿಗೆ ಚಿತ್ರ ತೋರಿಸುವುದಾದರೆ ಈ ಹಳೆಯ ಯಂತ್ರವೇ ಮೇಲೆಂಬುದು ನಮ್ಮ ಮತ. ಕಾರಣವು ಬಹಳ ಸರಳವಾದುದು: ಇದು ಮುಗಿಯುತ್ತದೆ. ಹಿಂದೆ ನಮ್ಮ ಮನೆಗಳಲ್ಲಿದ್ದ ಗ್ರಾಮಫೋನಿನ ಪ್ಲೇಟು ಮೂರು ನಿಮಿಷ ಹಾಡಿ ನಿಲ್ಲುತ್ತಿತ್ತು. ಇನ್ನೊಂದು ಹಾಡು ಬೇಕಾದವರು ಎದ್ದುಹೋಗಿ ಪ್ಲೇಟನ್ನು ತಿರುವಿ ಕೀಲಿ ಕೊಡಬೇಕಾಗಿತ್ತು. ಡಿ.ವಿ.ಡಿ.ಯೂ ಆ ಕುಲದ್ದೇ. ತಟ್ಟೆ ಮುಗಿದೊಡನೆ ಯಂತ್ರವು ಸುಮ್ಮನಾಗುತ್ತದೆ. ತಟ್ಟೆಯಲ್ಲಿಲ್ಲದುದನ್ನು ತೋರಿಸುವ ಶಕ್ತಿ ಅದಕ್ಕಿಲ್ಲ. ಮೊಬೈಲ್ ಫೋನಾದರೋ ಮಗು ಕೇಳದಿದ್ದರೂ ಮುಂದಿನ ಚಿತ್ರವನ್ನು ತಾನೇ ಆರಿಸಿ ಬಡಿಸುತ್ತದೆ. ಬೇಡವೆಂದರೂ ಎಲೆಗೆ ಸುರಿಯುವ ಬಡಿಸುವವನ ಮುಂದೆ ಎಂತಹ ದೊಡ್ಡವನಾದರೂ ಹೊಟ್ಟೆ ಕೆಡಿಸಿಕೊಳ್ಳುತ್ತಾನೆ; ಮಗುವಿನ ಪಾಡೇನು?

ಇನ್ನು ಕೋಣೆಯ ಮಾತು. ಮಕ್ಕಳಿಗೆಂದು ಬೇರೆ ಕೋಣೆಯಿರುವುದು ನಮ್ಮ ಸೀಮೆಯಲ್ಲಿ ಹೊಸ ಸಂಪ್ರದಾಯ. ಹಳೆಯ ಮನೆಗಳಲ್ಲಿ ಮಕ್ಕಳು ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದರು. ಬಾಣಂತಿಗೂ ಬತ್ತದ ಚೀಲಕ್ಕೂ ಕೋಣೆಯುಂಟು, ಮಕ್ಕಳಿಗಿಲ್ಲ. ಅಡಕೆಯ ಬೆಲೆ ಏರಿದ ಮೇಲೆ ತರೀಕೆರೆಯ ಸುತ್ತಿನಲ್ಲಿ ಎದ್ದ ಹೊಸ ಮನೆಗಳಲ್ಲಿ ಈ ಕೋಣೆಯೂ ಬಂದಿದೆ, ಅದಕ್ಕೆ ಬಾಗಿಲೂ ಬಂದಿದೆ. ನಮಗೆ ಚಿಂತೆ ಆ ಬಾಗಿಲಿನದೇ. ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೯ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ಒಂದು ವರ್ಷ ತುಂಬದ ಮಗುವಿಗೆ ತೆರೆಯ ನೋಟವೇ ಕೂಡದೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದೆಂದೂ, ಅದಕ್ಕಿಂತ ಕಡಮೆಯಾದಷ್ಟೂ ಒಳ್ಳೆಯದೆಂದೂ ಹೇಳಿದ್ದಾರೆ. ಏಳು ವರ್ಷದ ಹುಡುಗಿಗೆ ತುಸು ಸಡಿಲ ಕೊಡಬಹುದು. ಆದರೆ ಮಲಗುವ ಕೋಣೆಯಲ್ಲಿ ತೆರೆಯಿದ್ದರೆ ಹಾಳಾಗುವುದು ಮೊದಲು ನಿದ್ರೆ. ಯಂತ್ರವನ್ನು ನಡುಮನೆಯಲ್ಲಿಡಿರೆಂದು ಹೇಳಲು ನಮ್ಮ ಲೇಖನಿ ತವಕಿಸುತ್ತದೆ. ಆದರೆ ನಡುಮನೆಯ ಟೆಲಿವಿಷನ್ ಸಂಜೆಯಾದರೆ ಹಿರಿಯರ ಧಾರಾವಾಹಿಗಳಿಗೆ ಮೀಸಲು, ಅಲ್ಲಿ ಮಗುವಿನ ಮಾತು ನಡೆಯದು ಎಂದು ಗೃಹಸ್ಥರು ಮುಂಚಿತವಾಗಿಯೇ ಬರೆದುಬಿಟ್ಟಿದ್ದಾರೆ. ಹಾಗಾದರೆ ಕೋಣೆಯಲ್ಲಿಯೇ ಇರಲಿ. ತಟ್ಟೆ ಆಡುವಾಗ ಬಾಗಿಲು ತೆರೆದಿರಲಿ, ಆಟ ಮುಗಿದ ಮೇಲೆ ರಿಮೋಟು ಅಡಿಗೆಮನೆಯ ಗೂಡಿಗೆ ಹೋಗಲಿ. ಅಗ್ಗದ ಯಂತ್ರಗಳಲ್ಲಿ ಮುಂಭಾಗದ ಗುಂಡಿಗಳು ಎರಡೋ ಮೂರೋ ಮಾತ್ರವಿದ್ದು, ಮಿಕ್ಕ ಕೆಲಸವೆಲ್ಲ ರಿಮೋಟಿನಿಂದಲೇ ಆಗತಕ್ಕದ್ದು. ಇದು ಸಾಮಾನ್ಯವಾಗಿ ಒಂದು ದೋಷವೇ, ಇಲ್ಲಿ ಮಾತ್ರ ಅನುಕೂಲ.

ಯಾವ ಜಾತಿಯ ಯಂತ್ರವೆಂಬುದನ್ನು ಮೊದಲು ನಿರ್ಧರಿಸಬೇಕು. ಟೆಲಿವಿಷನ್ನಿಗೆ ತಂತಿಯಿಂದ ಜೋಡಿಸುವ ಪೆಟ್ಟಿಗೆಯದು ಒಂದು ಜಾತಿ. ಪುಸ್ತಕದಂತೆ ತೆರೆದರೆ ಒಳಗೇ ಸಣ್ಣ ತೆರೆಯಿರುವುದು ಇನ್ನೊಂದು. ಎರಡನೆಯದು ನೋಡಲು ಮುದ್ದಾಗಿರುತ್ತದೆ, ಮಕ್ಕಳು ಕೈನೀಡುವುದೂ ಅದಕ್ಕೇ. ಆದರೆ ಅದರ ಹೊಟ್ಟೆಯಲ್ಲಿರುವ ಬ್ಯಾಟರಿಯು ಕೆಲವು ವರ್ಷಗಳಲ್ಲಿ ಸೋತುಹೋಗುತ್ತದೆ, ಕೆಲವು ವೇಳೆ ಉಬ್ಬುತ್ತದೆ; ಮಡಿಸುವ ಕೀಲಿನ ಬಳಿ ತಂತಿ ಕಡಿಯುತ್ತದೆ; ಮಗುವು ಹಾಸಿಗೆಯೊಳಕ್ಕೂ ಅದನ್ನು ಎಳೆದುಕೊಂಡು ಹೋಗುತ್ತದೆ. ಕ್ರಯವೂ ಹೆಚ್ಚು. ಪೆಟ್ಟಿಗೆಯ ಜಾತಿಯೇ ಸಾಕು.

ಪೆಟ್ಟಿಗೆಯನ್ನು ಕೊಳ್ಳುವ ಮೊದಲು ಮನೆಯ ಟೆಲಿವಿಷನ್ನಿನ ಬೆನ್ನನ್ನು ನೋಡಿಕೊಂಡು ಹೋಗಬೇಕು. ಹಳೆಯ ಗಾಜಿನ ಟೆಲಿವಿಷನ್ನಿನಲ್ಲಿ ಹಳದಿ, ಬಿಳಿ, ಕೆಂಪು ಎಂಬ ಮೂರು ದುಂಡು ರಂಧ್ರಗಳಿರುತ್ತವೆ. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಎಡಬಲದ ಧ್ವನಿ. ಅಗ್ಗದ ಯಂತ್ರಕ್ಕೂ ಇವೇ ಮೂರು ಇರುವುದರಿಂದ ಅಟ್ಟದ ಮೇಲಿನ ಟೆಲಿವಿಷನ್ನಿಗೂ ಇದಕ್ಕೂ ಜಾತಕ ಕೂಡುತ್ತದೆ. ಹೊಸ ತೆಳು ಟೆಲಿವಿಷನ್ನುಗಳಲ್ಲಿ ಹಲವಕ್ಕೆ ಈ ರಂಧ್ರಗಳಿಲ್ಲ, ಎಚ್.ಡಿ.ಎಂ.ಐ. ಎಂಬ ಚಪ್ಪಟೆ ರಂಧ್ರವೋ, ಇಲ್ಲವೆ ಕಿವಿಯ ಫೋನಿನ ರಂಧ್ರದಂತಹ ಒಂದೇ ಕಿರುರಂಧ್ರವೋ ಇರುತ್ತದೆ. ಕಿರುರಂಧ್ರಕ್ಕೆ ಬೇರೆ ಜೋಡಣೆಯ ತಂತಿ ಬೇಕು. ಗೊತ್ತಿಲ್ಲದೆ ಪೆಟ್ಟಿಗೆಯನ್ನು ತಂದು ಅದೇ ದಿನ ಮತ್ತೆ ಬಸ್ಸು ಹತ್ತಿ ಅಂಗಡಿಗೆ ಹೋದವರನ್ನು ನಾವು ಬಲ್ಲೆವು. ಅವರಲ್ಲೊಬ್ಬರು ಈ ಅಂಕಣದ ಕರ್ತರೇ ಆಗಿದ್ದರೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಯಂತ್ರವು ಒಳ್ಳೆಯದೋ ಕೆಟ್ಟದೋ ಎಂಬುದನ್ನು ಪೆಟ್ಟಿಗೆಯ ಮೇಲಿನ ಬರವಣಿಗೆಯಿಂದ ತಿಳಿಯಲಾಗದು; ತಟ್ಟೆಯನ್ನು ಓದಿಸಿಯೇ ತಿಳಿಯಬೇಕು. ಡಿ.ವಿ.ಡಿ. ೧೨ ಸೆಂಟಿಮೀಟರ್ ಅಗಲದ ತಟ್ಟೆ. ೦.೬ ಮಿಲಿಮೀಟರ್ ದಪ್ಪದ ಎರಡು ಪಾರದರ್ಶಕ ಪದರಗಳನ್ನು ಅಂಟಿಸಿ ಅದನ್ನು ಮಾಡಿರುತ್ತಾರೆ. ಬರೆದ ವಿಷಯವು ಈ ಎರಡು ಪದರಗಳ ನಡುವೆ, ಹೋಳಿಗೆಯ ಹೂರಣದಂತೆ ಅಡಗಿರುತ್ತದೆ. ಸಿ.ಡಿ. ಮತ್ತು ವಿ.ಸಿ.ಡಿ.ಗಳಲ್ಲಿ ಹಾಗಲ್ಲ, ಅಲ್ಲಿ ಬರವಣಿಗೆಯು ಚಿತ್ರ ಅಚ್ಚಾದ ಮೇಲ್ಮೈಯ ಕೆಳಗೇ ಇರುವುದರಿಂದ, ಹೊಳೆಯುವ ಕೆಳಮೈಗಿಂತ ಮೇಲ್ಮೈಯ ಗೀರೇ ಅಪಾಯದ್ದು. ಯಂತ್ರದೊಳಗಿನ ಕೆಂಪು ಲೇಸರ್ ಕಿರಣವು ತಿರುಗುವ ತಟ್ಟೆಯ ಕೆಳಗಿನಿಂದ ಈ ಬರವಣಿಗೆಯನ್ನು ಸುರುಳಿಯಾಗಿ ಓದುತ್ತ ಸಾಗುತ್ತದೆ. ಗ್ರಾಮಫೋನಿನ ಮುಳ್ಳು ಅಂಚಿನಿಂದ ನಡುವಿಗೆ ಬರುತ್ತಿತ್ತು. ಲೇಸರ್ ಕಿರಣವು ನಡುವಿನಿಂದ ಅಂಚಿಗೆ ಹೋಗುತ್ತದೆ. ಈ ಒಂದು ಸಂಗತಿಯನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಚಿತ್ರದ ಮೊದಲು ತಟ್ಟೆಯ ನಡುವಿನಲ್ಲಿದೆ. ತಟ್ಟೆ ತುಂಬ ಬರೆದಿದ್ದರೆ ಚಿತ್ರದ ಕೊನೆಯು ಅಂಚಿನಲ್ಲಿದೆ.

ಅಂಚಿನಲ್ಲಿಯೇ ತಟ್ಟೆಯು ಹೆಚ್ಚು ಅಲುಗುವುದು. ಬೆರಳು ತಾಗುವುದೂ, ಡಬ್ಬಿಯಿಂದ ತೆಗೆಯುವಾಗ ಬಾಗುವುದೂ, ಪದರಗಳ ಅಂಟು ಮೊದಲು ಬಿಡುವುದೂ ಅಲ್ಲಿಯೇ. ಆದಕಾರಣ ಸೋತ ಯಂತ್ರವೂ ಸೋತ ತಟ್ಟೆಯೂ ಮೊದಲು ತಪ್ಪುವುದು ಚಿತ್ರದ ಕೊನೆಯ ಭಾಗದಲ್ಲಿ. ಅಂಗಡಿಯವರು ತಟ್ಟೆ ಹಾಕಿ ಮೊದಲಿನ ಎರಡು ನಿಮಿಷ ತೋರಿಸಿ ‘ನೋಡಿ ಸ್ವಾಮಿ, ಎಷ್ಟು ಚೆನ್ನಾಗಿದೆ’ ಎಂದರೆ ಅದು ಪರೀಕ್ಷೆಯೇ ಅಲ್ಲ. ತಟ್ಟೆಯ ಕೊನೆಯ ಹತ್ತು ನಿಮಿಷವನ್ನು ಹಾಕಿಸಿ ನೋಡತಕ್ಕದ್ದು. ಅಜ್ಜಂಪುರದ ಮನೆಯ ನಾಮಕರಣದಲ್ಲಿ ಹೋಮವೂ ಹೆಸರಿಡುವುದೂ ಊಟವೂ ಆದ ಮೇಲೆ, ಸಂಜೆಯ ಹೊತ್ತು, ತೊಟ್ಟಿಲ ಹಾಡು ಬಂದಿರಬೇಕು. ಆ ಹಾಡು ತಟ್ಟೆಯ ಅಂಚಿನಲ್ಲಿ ಕುಳಿತಿದೆ. ಹಳೆಯ ಯಂತ್ರವು ಅಲ್ಲಿಗೆ ಬಂದು ನಿಲ್ಲುತ್ತಿರುವುದು ಇದರಿಂದಲೇ ಇರಬೇಕೆಂದು ನಾವು ಊಹಿಸಿದೆವು.

ಇದಕ್ಕೆ ಇನ್ನೊಂದು ಕಾರಣವೂ ಕೂಡಿಕೊಂಡಿರಬಹುದು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿನಿಮಾ ತಟ್ಟೆ ಬೇರೆ, ಮದುವೆ ಮುಂಜಿಗಳ ಛಾಯಾಚಿತ್ರದವರು ತಮ್ಮ ಕಂಪ್ಯೂಟರಿನಲ್ಲಿ ಬರೆದುಕೊಡುವ ತಟ್ಟೆ ಬೇರೆ. ಮೊದಲನೆಯದರಲ್ಲಿ ಬರವಣಿಗೆಯು ಲೋಹದ ಪದರದ ಮೇಲಿನ ಕುಳಿಗಳಾಗಿರುತ್ತದೆ. ಎರಡನೆಯದರಲ್ಲಿ ಒಂದು ಬಗೆಯ ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಗುರುತು ಮಾಡಿರುತ್ತಾರೆ. ತಟ್ಟೆಯನ್ನು ಬೋರಲು ಮಾಡಿ ಬೆಳಕಿಗೆ ಹಿಡಿದರೆ ಅಚ್ಚಿನದು ಬೆಳ್ಳಿಯಂತೆ ಕಾಣುತ್ತದೆ, ಬರೆದುದರಲ್ಲಿ ಸಾಮಾನ್ಯವಾಗಿ ನೇರಳೆಯ ಛಾಯೆ ಇರುತ್ತದೆ. ಈ ಬಣ್ಣವು ಬಿಸಿಲಿಗೂ ಸೆಕೆಗೂ ತೇವಕ್ಕೂ ಕಾಲಕ್ರಮದಲ್ಲಿ ಮಾಸುತ್ತದೆ. ಕಿಟಕಿಯ ಗೂಡಿನಲ್ಲಿ ಒಂದು ಬೇಸಿಗೆ ಬಿಸಿಲು ತಿಂದ ತಟ್ಟೆಯನ್ನು ನಂಬಲಾಗದು. ಮನೆಯ ಮಂಗಳಕಾರ್ಯಗಳ ತಟ್ಟೆಗಳೆಲ್ಲ ಈ ಎರಡನೆಯ ಬಗೆಯವೇ ಎಂಬುದನ್ನು ನಮ್ಮ ಗೃಹಸ್ಥರಲ್ಲಿ ಹಲವರು ತಿಳಿದಿಲ್ಲ. ಬೀರುವಿನಲ್ಲಿ ಒಡವೆಯ ಪಕ್ಕದಲ್ಲಿಟ್ಟು ಭದ್ರವಾಗಿದೆಯೆಂದುಕೊಂಡಿರುತ್ತಾರೆ. ಒಡವೆ ಇರುತ್ತದೆ, ತಟ್ಟೆಯಲ್ಲಿದ್ದುದು ಇರುತ್ತದೆಂದು ಹೇಳುವಂತಿಲ್ಲ.

ಹೀಗಿರುವುದರಿಂದ, ಯಂತ್ರವನ್ನು ಕೊಳ್ಳುವುದು ಎರಡನೆಯ ಕೆಲಸ, ತಟ್ಟೆಯ ನಕಲು ಮಾಡಿಸುವುದು ಮೊದಲನೆಯ ಕೆಲಸ ಎಂದು ಅಜ್ಜಂಪುರಕ್ಕೆ ಕೂಡಲೇ ಬರೆದೆವು. ತಟ್ಟೆ ಓದುವ ಸಾಧನವಿರುವ ಯಾವ ಕಂಪ್ಯೂಟರಿನಲ್ಲಿಯಾದರೂ ಇದು ಆಗುತ್ತದೆ. ಒಂದು ಕಂಪ್ಯೂಟರು ಓದದ ತಟ್ಟೆಯನ್ನು ಇನ್ನೊಂದು ಓದುವುದುಂಟು. ಮೂರು ನಾಲ್ಕು ಕಡೆ ಪ್ರಯತ್ನಿಸದೆ ಕೈಬಿಡಬಾರದು. ಓದಿಸುವ ಮೊದಲು ತಟ್ಟೆಯನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಪಾತ್ರೆ ತಿಕ್ಕುವಂತೆ ಸುತ್ತಿ ಸುತ್ತಿ ತಿಕ್ಕಬಾರದು. ಸುತ್ತಿನ ಗೀರು ಬರವಣಿಗೆಯ ಸಾಲಿನುದ್ದಕ್ಕೂ ಬೀಳುವುದರಿಂದ ಯಂತ್ರಕ್ಕೆ ಅದನ್ನು ದಾಟಲಾಗದು. ಅಡ್ಡ ಗೀರನ್ನು ದಾಟಬಲ್ಲದು. ಹಲ್ಲುಜ್ಜುವ ಪೇಸ್ಟು ಹಚ್ಚಿದರೆ ಗೀರು ಹೋಗುತ್ತದೆಂಬ ಮಾತು ನಮ್ಮ ಕಡೆ ಪ್ರಚಾರದಲ್ಲಿದೆ. ಮನೆಯಲ್ಲಿ ಇರುವುದು ಒಂದೇ ತಟ್ಟೆಯಾಗಿರುವಾಗ ಅಂತಹ ಸಾಹಸ ಕೂಡದು. ನಕಲುಗಳು ಎರಡಿರಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ.

ಯಂತ್ರವನ್ನು ಆರಿಸುವಾಗ ಡಿ.ವಿ.ಡಿ.-ಆರ್ ಮತ್ತು ಡಿ.ವಿ.ಡಿ.+ಆರ್ ಎರಡನ್ನೂ, ವಿ.ಸಿ.ಡಿ.ಯನ್ನೂ ಓದುವುದೆಂದು ಬರೆದಿದೆಯೇ ಎಂದು ನೋಡಬೇಕು. ಅಂಗಡಿಗೆ ಮೂರು ತಟ್ಟೆಗಳನ್ನು ಕೊಂಡೊಯ್ಯಬೇಕು: ಒಂದು ಅಚ್ಚಿನದು, ಒಂದು ಬರೆದದ್ದು, ಒಂದು ಗೀರುಬಿದ್ದ ಹಳೆಯದು. ಮೂರನೆಯದನ್ನು ತೊದಲದೆ ಓದುವ ಯಂತ್ರವು ನೂರಿನ್ನೂರು ರೂಪಾಯಿ ಹೆಚ್ಚಾದರೂ ಅದನ್ನೇ ತರಬಹುದು. ತಟ್ಟೆ ತಿರುಗುವಾಗ ಕಿವಿಗೊಡಬೇಕು. ಸಣ್ಣ ಗುಂಯ್‌ಗುಡುವಿಕೆ ಸಹಜ, ಟಿಕ್‌ಟಿಕ್ ಎಂಬ ಶಬ್ದ ಸಹಜವಲ್ಲ. ತಟ್ಟೆಯ ತಟ್ಟು ಹತ್ತು ಸಲ ಹೊರಗೆ ಬಂದು ಒಳಗೆ ಹೋಗಲಿ. ಮಕ್ಕಳ ಕೈಯಲ್ಲಿ ಮೊದಲು ಮುರಿಯುವುದು ಇದೇ. ನಾಣ್ಯ, ಚಕ್ಕುಲಿಯ ತುಣುಕು, ಒಮ್ಮೊಮ್ಮೆ ಎರಡು ತಟ್ಟೆ ಒಟ್ಟಿಗೆ, ಎಲ್ಲವೂ ಇದರೊಳಕ್ಕೆ ಹೋಗುತ್ತವೆ.

ಬೆಲೆಯ ಮಾತಿಗಿಂತ ಹೆಚ್ಚಿನ ಒಂದು ಮಾತನ್ನು ಇಲ್ಲಿ ಹೇಳಬೇಕು. ರಿಮೋಟನ್ನು ತಿರುವಿ ಅದಕ್ಕೆ ಯಾವ ಬ್ಯಾಟರಿಯೆಂದು ನೋಡಿ. ಕಡ್ಡಿಯಂತಹ ಎರಡು ಸಣ್ಣ ಸೆಲ್ಲುಗಳಾದರೆ ಸರಿ. ಕೆಲವು ಅಗ್ಗದ ಯಂತ್ರಗಳೊಡನೆ, ವಿಶೇಷವಾಗಿ ಪುಸ್ತಕದಂತೆ ತೆರೆಯುವವುಗಳೊಡನೆ, ಇಸ್ಪೀಟಿನ ಎಲೆಯಷ್ಟು ತೆಳ್ಳಗಿನ ರಿಮೋಟು ಬರುತ್ತದೆ; ಅದರಲ್ಲಿರುವುದು ನಾಣ್ಯದಂತಹ ಲಿಥಿಯಂ ಸೆಲ್ಲು. ಅಗಲ ೨೦ ಮಿಲಿಮೀಟರು, ಬೆಳ್ಳಿಯ ಹೊಳಪು. ಮಕ್ಕಳು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಅನ್ನನಾಳದಲ್ಲಿ ಅದು ಸಿಕ್ಕಿಕೊಂಡರೆ ಅಲ್ಲಿನ ತೇವದಲ್ಲಿ ವಿದ್ಯುತ್ತು ಹರಿದು ಕ್ಷಾರವುಂಟಾಗಿ, ಎರಡು ಗಂಟೆಯೊಳಗಾಗಿಯೇ ಒಳಗಿನ ಮಾಂಸವು ಸುಡತೊಡಗುತ್ತದೆ. ರಿಮೋಟನ್ನು ನಡೆಸಲಾರದಷ್ಟು ಸೋತ ಸೆಲ್ಲಿಗೂ ಈ ಕೇಡನ್ನು ಮಾಡುವಷ್ಟು ಶಕ್ತಿ ಉಳಿದಿರುತ್ತದೆ. ಮಗುವು ಕೆಮ್ಮದೆ ಅಳದೆ ಆಡುತ್ತಲೂ ಇರಬಹುದು. ಜೊಲ್ಲು ಸುರಿಯುವುದು, ಊಟ ಬೇಡವೆನ್ನುವುದು ಮಾತ್ರವೇ ಕುರುಹಾಗಬಹುದು. ನುಂಗಿತೆಂಬ ಸಂದೇಹವಿದ್ದರೂ ಸಾಕು, ವಾಂತಿ ಮಾಡಿಸಬಾರದು, ಬಾಳೆಹಣ್ಣು ತಿನ್ನಿಸಿ ಕಾಯಬಾರದು, ಬೆಳಗಾಗಲೆಂದು ಬಿಡಬಾರದು. ಎಕ್ಸ್‌ರೇ ಇರುವ ಆಸ್ಪತ್ರೆಗೆ ಆಗಲೇ ಹೋಗಬೇಕು. ಅದನ್ನು ಹೊರಕ್ಕೆ ತೆಗೆಯುವ ಸಾಧನಕ್ಕಾಗಿ ನಮ್ಮ ಕಡೆಯವರು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಬೇಕಾಗಿ ಬರಬಹುದಾದುದರಿಂದ ದಾರಿಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಳು ವರ್ಷದವಳು ನುಂಗಲಾರಳು ಎನ್ನಬಹುದು. ಮನೆಗೆ ಬರುವ ಚಿಕ್ಕ ಮಕ್ಕಳಿಲ್ಲವೇ? ನಾಣ್ಯದ ಸೆಲ್ಲಿನ ರಿಮೋಟಿರುವ ಯಂತ್ರವನ್ನು ಪುಕ್ಕಟೆ ಕೊಟ್ಟರೂ ಮಕ್ಕಳಿರುವ ಮನೆಗೆ ತರಬೇಡಿರೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಎರಡನೆಯ ಅಪಾಯವು ಅಟ್ಟದ ಮೇಲಿನ ಆ ಟೆಲಿವಿಷನ್ನಿನದು. ಹಳೆಯ ಗಾಜಿನ ಟೆಲಿವಿಷನ್ನಿನ ಭಾರವೆಲ್ಲ ಮುಂಭಾಗದಲ್ಲಿರುತ್ತದೆ. ಮಗುವು ಮೇಜಿನ ಸೆಳೆಖಾನೆಯನ್ನು ಮೆಟ್ಟಿಲಾಗಿ ಮಾಡಿಕೊಂಡು ಹತ್ತಿದರೆ ಮೇಜೂ ಟೆಲಿವಿಷನ್ನೂ ಅದರ ಮೇಲೆಯೇ ಬೀಳುತ್ತವೆ. ಆದುದರಿಂದ ಎತ್ತರದ ಮೇಜು ಬೇಡ. ಮೊಣಕಾಲಿಗಿಂತ ತಗ್ಗಾದ ಅಗಲವಾದ ಪೀಠವಿರಲಿ, ಹಿಂಬದಿಯಿಂದ ಗೋಡೆಗೆ ಪಟ್ಟಿ ಬಿಗಿದಿರಲಿ. ಟೆಲಿವಿಷನ್ನಿನ ಮೇಲೆ ಗೊಂಬೆಯನ್ನಾಗಲಿ ಬಿಸ್ಕತ್ತಿನ ಡಬ್ಬಿಯನ್ನಾಗಲಿ ಇಡಲೇಬಾರದು.

ವಿದ್ಯುತ್ತಿನ ಏರಿಳಿತ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಯಂತ್ರದ ಬೆನ್ನಿನಲ್ಲಿ ೧೦೦–೨೪೦ ವೋಲ್ಟ್ ಎಂದು ಬರೆದಿದ್ದರೆ ವೋಲ್ಟೇಜು ತಗ್ಗಿದಾಗ ಅದು ತಾಳಿಕೊಳ್ಳುತ್ತದೆ. ಸಿಡಿಲಿಗೆ ಮಾತ್ರ ಯಾವುದೂ ತಾಳದು. ಯುಗಾದಿಯ ನಂತರದ ಗುಡುಗುಮಳೆಯ ಸಂಜೆಗಳಲ್ಲಿ ಪ್ಲಗ್ಗನ್ನೇ ಕಿತ್ತಿಡಬೇಕು. ಕಡೂರು ಬಯಲುಸೀಮೆಯಾದುದರಿಂದ ಅಲ್ಲಿ ಧೂಳಿನ ಕಾಟ. ತರೀಕೆರೆಯಿಂದ ಪಶ್ಚಿಮಕ್ಕೆ ಲಕ್ಕವಳ್ಳಿಯ ಕಡೆ ಹೋದರೆ ಮಳೆಗಾಲದ ತೇವದ ಕಾಟ. ಬಟ್ಟೆ ಹೊದಿಸಿಡುವುದೊಳ್ಳೆಯದು, ಆಡುತ್ತಿರುವಾಗ ಹೊದಿಸಬಾರದು. ಬೆಚ್ಚಗಿರುವ ಪೆಟ್ಟಿಗೆಯೆಂದರೆ ಹಲ್ಲಿಗಳಿಗೂ ಜಿರಲೆಗಳಿಗೂ ಬಲು ಪ್ರೀತಿ. ಯಂತ್ರವು ಕೆಟ್ಟಿತೆಂದು ಬಿಚ್ಚಿಸಿದಾಗ ಒಳಗೆ ಹಲ್ಲಿಯ ಸಂಸಾರವೇ ಹೊರಬಿದ್ದುದನ್ನು ನಾವು ಕಂಡಿದ್ದೇವೆ. ಮುಚ್ಚಳವನ್ನು ಮನೆಯಲ್ಲಿ ತೆರೆಯುವುದು ಬೇಡ, ಲೇಸರ್ ಕಣ್ಣಿಗೆ ಒಳ್ಳೆಯದಲ್ಲ.

ಅಮೆರಿಕದಲ್ಲಿರುವ ನೆಂಟರು ಮಕ್ಕಳ ತಟ್ಟೆಗಳನ್ನು ಉಡುಗೊರೆಯಾಗಿ ತರುವುದುಂಟು. ಸಿನಿಮಾ ಕಂಪೆನಿಗಳು ಭೂಮಿಯನ್ನು ವಲಯಗಳಾಗಿ ಹಂಚಿಕೊಂಡಿವೆ; ಅಮೆರಿಕ ಒಂದನೆಯ ವಲಯ, ನಮ್ಮದು ಐದನೆಯದು. ಎಲ್ಲ ವಲಯಗಳನ್ನೂ ಓದುವ ಯಂತ್ರವಲ್ಲದಿದ್ದರೆ ಆ ಉಡುಗೊರೆ ಆಡದು. ಪೆನ್ ಡ್ರೈವ್ ಚುಚ್ಚುವ ರಂಧ್ರವಿದೆಯೆಂದು ಅಂಗಡಿಯವರು ದೊಡ್ಡದಾಗಿ ಹೇಳುತ್ತಾರೆ. ಈಗಿನ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಹೆಚ್ಚಿನ ಅಗ್ಗದ ಯಂತ್ರಗಳು ಓದಲಾರವು. ಅದಕ್ಕಾಗಿ ಹಣ ಹೆಚ್ಚು ಕೊಡಬೇಕಾಗಿಲ್ಲ.

ಯಾವ ತಟ್ಟೆಗಳೆಂಬುದಕ್ಕೆ ನಾವು ಪಟ್ಟಿ ಕೊಡುವುದಿಲ್ಲ. ನಾಗಾಭರಣರ ‘ಚಿನ್ನಾರಿಮುತ್ತ’ ೧೯೯೩ರದು. ಹಳೆಯದಾಗಿದ್ದರೂ ಅದರ ಹುಡುಗ ಹಳಬನಾಗಿಲ್ಲ. ಶಂಕರನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳಿಂದ ಮಾಡಿದ ‘ಮಾಲ್ಗುಡಿ ಡೇಸ್’ ಸರಣಿಯಲ್ಲಿ ಒಂದೊಂದು ಕಂತೂ ಅರ್ಧ ಗಂಟೆಯೊಳಗೆ ಮುಗಿಯುವುದರಿಂದ ಮಗುವಿಗೆ ಅಳತೆ ಸರಿಹೊಂದುತ್ತದೆ. ಅದರಲ್ಲಿ ಮಾಲ್ಗುಡಿಯ ರೈಲುನಿಲ್ದಾಣವಾಗಿ ಕಾಣುವುದು ಶಿವಮೊಗ್ಗದಾಚೆಯ ಅರಸಾಳು. ಬೀರೂರಿನಿಂದ ತರೀಕೆರೆಯ ಮೇಲೆ ಹೋಗುವ ಹಳಿಯೇ ಮುಂದೆ ಅಲ್ಲಿಗೂ ಹೋಗುತ್ತದೆ. ೨೦೨೦ರಲ್ಲಿ ಅಲ್ಲಿ ಮಾಲ್ಗುಡಿಯ ಹೆಸರಿನಲ್ಲಿ ಒಂದು ಸಂಗ್ರಹಾಲಯವಾಯಿತು. ತಟ್ಟೆಯಲ್ಲಿ ಕಂಡುದನ್ನು ಒಂದು ಭಾನುವಾರ ಹೋಗಿ ಕಾಲಲ್ಲಿ ಮೆಟ್ಟಿ ಬರುವ ಭಾಗ್ಯ ಎಲ್ಲ ಊರಿನ ಮಕ್ಕಳಿಗೂ ಇಲ್ಲ.

ಈ ಬರಹವು ಅಚ್ಚಿಗೆ ಹೋಗುವ ಮೊದಲೇ ಅಜ್ಜಂಪುರದಿಂದ ಮರುಕಾಗದ ಬಂದಿತು. ಗೃಹಸ್ಥರು ನಾಮಕರಣದ ತಟ್ಟೆಯನ್ನು ಮೊದಲು ತರೀಕೆರೆಯ ಛಾಯಾಚಿತ್ರದವರಲ್ಲಿಗೆ ಒಯ್ದರಂತೆ. ಅವರ ಕಂಪ್ಯೂಟರು ಮುಕ್ಕಾಲು ಭಾಗ ಓದಿ ಕೈಚೆಲ್ಲಿತು. ಮೂಲಪ್ರತಿ ಅವರಲ್ಲಿ ಉಳಿದಿರಲಿಲ್ಲ. ಆಮೇಲೆ ಕಡೂರಿನಲ್ಲಿ ಒಂದು ಅಂಗಡಿಯವರು ಬೇಸರಪಡದೆ ನಾಲ್ಕು ಯಂತ್ರಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಮೊದಲೆರಡರಲ್ಲಿ ತೊಟ್ಟಿಲು ಕಾಣಿಸಿಕೊಂಡೊಡನೆ ಚಿತ್ರ ಒಡೆಯಿತು. ಮೂರನೆಯದು ಎರಡು ಕಡೆ ತಡವರಿಸಿ ಕೊನೆಯವರೆಗೂ ಓದಿತು. ನಾಲ್ಕನೆಯದನ್ನು ನೋಡಲು ಗೃಹಸ್ಥರು ನಿಲ್ಲಲಿಲ್ಲ. ಆ ಯಂತ್ರದಿಂದ ಹೊರಬರುವ ಚಿತ್ರವನ್ನೇ ಅಂಗಡಿಯ ಹುಡುಗನು ಒಂದು ಸಾಧನದ ಮೂಲಕ ಕಂಪ್ಯೂಟರಿಗೆ ಇಳಿಸಿಕೊಟ್ಟನು. ಹಾಡು ಆರು ನಿಮಿಷದ್ದು. ನಡುವೆ ಒಂದು ನುಡಿ ಹೋಗಿದೆ, ಉಳಿದುದು ಇದೆ. ಹೋದ ನುಡಿಯನ್ನು ಮನೆಯ ಹಿರಿಯ ಸೋದರತ್ತೆಯವರಿಂದ ಬರೆಯಿಸಿಕೊಂಡಿದ್ದಾರೆ.

ಯಂತ್ರಕ್ಕೆ ೨,೧೫೦ ರೂಪಾಯಿಯಾಯಿತು. ರಿಮೋಟಿಗೆ ಕಡ್ಡಿಯ ಸೆಲ್ಲು. ಒಂದು ವರ್ಷದ ಹೊಣೆಯುಂಟು, ರಸೀತಿಯನ್ನು ತಟ್ಟೆಯ ಡಬ್ಬಿಯಲ್ಲಿಯೇ ಮಡಿಸಿಟ್ಟಿದ್ದಾರೆ. ಮಗುವು ಹಾಡನ್ನು ಮೊದಲ ಸಲ ಪೂರ್ತಿ ಕೇಳಿ, ಅಜ್ಜಿ ಉಟ್ಟಿದ್ದ ಸೀರೆ ಈಗ ಎಲ್ಲಿದೆಯೆಂದು ಕೇಳಿತಂತೆ. ಅದು ಅಟ್ಟದ ಟ್ರಂಕಿನಲ್ಲಿತ್ತು. ತೆಗೆದು ತೋರಿಸಿದರೆಂದು ಬರೆದಿದ್ದಾರೆ.